ಆರು ವಾರದ ಫ್ಲಾರೆನ್ಸ್‌ಗೆ ಐದೂವರೆ ಲಕ್ಷ: ಮಗಳನ್ನ ಕಳಿಸ್ಲಾ, ಬೇಡ್ವಾ?

ಓದುಗರ ಪ್ರಶ್ನೆ: "ಮೇಡಂ ನಮಸ್ಕಾರ್ರೀ. ನಾವು ವಿಜಯಪುರದವ್ರು, ಬೀಜ ಗೊಬ್ಬರದ ಅಂಗಡಿ ಐತಿ, ನಾಕು ಎಕರೆ ಹೊಲ ಐತಿ. ಮಗಳು ಮೈಸೂರಾಗ ಆರ್ಕಿಟೆಕ್ಚರ್ ಮೂರನೇ ವರ್ಷ ಓದಾಕತ್ತಾಳ. ಇಟಲಿಯ ಫ್ಲಾರೆನ್ಸ್ ಊರಾಗ ಹಳೇ ಕಟ್ಟಡ ಉಳಿಸೋದರ ಬಗ್ಗೆ ಆರು ವಾರದ ಸಮ್ಮರ್ ಕೋರ್ಸಿಗೆ ಸೀಟ್ ಸಿಕ್ಕೈತ್ರಿ, ಜೂನ್ 15ರಿಂದ ಜುಲೈ 24. ಫೀಸೇ 2,400 ಯೂರೋ, ಇರೋದು ಉಣ್ಣೋದು ಬ್ಯಾರೆ. ಏಜೆಂಟ್ 60 ಸಾವಿರ ಕೇಳ್ತಾನ, ವೀಸಾ ಗ್ಯಾರಂಟಿ ನಂದು, ಸಂಜೀಕ ಪಾರ್ಟ್ ಟೈಮ್ ಕೆಲಸ ಮಾಡಿ ಅರ್ಧ ರೊಕ್ಕ ತಗೀಬಹುದು, ಈ ಸರ್ಟಿಫಿಕೇಟ್ ಇದ್ರ ಮುಂದ ಅಲ್ಲೇ ಮಾಸ್ಟರ್ಸ್ ಸೀಟ್ ಪಕ್ಕಾ ಅಂತಾನ. ನಮ್ಮ ಅಳಿಯ ಅಂತಾನ ಇದು ಬರೇ ಟೂರು, ಮ್ಯಾಲ ವೀಸಾ ರಿಜೆಕ್ಟ್ ಆತಂದ್ರ ಜೀವನದಾಗ ಯಾವ ದೇಶನೂ ಕರಕೊಳ್ಳಂಗಿಲ್ಲ ಅಂತ. ನನ್ನ ಕೈಯಾಗ ಮೂರು ಲಕ್ಷ ಐತಿ, ಉಳಿದದ್ದಕ್ಕ ಬಂಗಾರ ಒತ್ತಿ ಇಡಬೇಕು. ಹುಡುಗಿ ಒಬ್ಬಾಕಿ, ಅಲ್ಲಿ ಕಳ್ಳತನ ಭಾಳ ಅಂತಾರ. ನಾವು ತತ್ತಿನೂ ತಿನ್ನಂಗಿಲ್ಲ. ಆಕಿ ಅವ್ವ ಕೇಳ್ಯಾಳ, ರೊಟ್ಟಿ, ಚಟ್ನಿ, ಪೇಡೆ ಕಟ್ಟಿ ಕಳಸಬಹುದೇನಂತ. ಏನ್ ಮಾಡೂಣ್ರೀ?"

ನಮಸ್ಕಾರ ಸರ್. ನೀವು ಎಂಟು ಪ್ರಶ್ನೆ ಕೇಳಿದೀರಿ, ಆದ್ರೆ ನನಗೆ ಕಂಡಿದ್ದು ಒಂದೇ: ಮನೆ ಬಂಗಾರ ಒತ್ತೆ ಇಡೋ ಅಷ್ಟು ಬೆಲೆ ಈ ಆರು ವಾರಕ್ಕೆ ಇದ್ಯಾ? ನಾನು ಫ್ಲಾರೆನ್ಸ್‌ನಲ್ಲೇ ಕನ್ಸರ್ವೇಶನ್, ಅಂದ್ರೆ ಹಳೇದನ್ನ ಉಳಿಸೋ ವಿದ್ಯೆ, ಕಲಿತವಳು, ಆಮೇಲೆ ಹದಿನಾಲ್ಕು ವರ್ಷದಿಂದ ನಮ್ಮ ಹುಡುಗ್ರನ್ನ ಬೇಸಿಗೆ ಕೋರ್ಸುಗಳಿಗೆ ಕರ್ಕೊಂಡು ಹೋಗೋದು, ಕಳಿಸೋದು, ಕೆಲವು ಸಲ ಬೇಡ ಅಂತ ತಡೆಯೋದು, ಇದೇ ಕೆಲಸ. ಹಾಗಾಗಿ ಹೇಳ್ತೀನಿ, ನಿಮ್ಮ ಏಜೆಂಟ್ ಹೇಳಿದ್ದೂ ತಪ್ಪು, ಅಳಿಯ ಹೇಳಿದ್ದೂ ತಪ್ಪು. ಅಳಿಯ ಸ್ವಲ್ಪ ಕಮ್ಮಿ ತಪ್ಪು.

ಎಲ್ಲಕ್ಕಿಂತ ಮೊದಲು ನೀವು ಕೇಳದೇ ಇರೋ ಒಂದು ವಿಷಯ. ಸಮ್ಮರ್ ಅಂದ್ರೆ ನಮಗೆ ಏಪ್ರಿಲ್ ಮೇ, ಅವರಿಗೆ ಜೂನ್ ಜುಲೈ ಆಗಸ್ಟ್. ನಮ್ಮ ಈವನ್ ಸೆಮಿಸ್ಟರ್ ಪರೀಕ್ಷೆ ಎಷ್ಟೋ ಸಲ ಎಳೆದು ಎಳೆದು ಜೂನ್ ಜುಲೈಗೆ ಬಂದು ನಿಲ್ಲುತ್ತೆ, ಆರ್ಕಿಟೆಕ್ಚರ್ ಅಂದ್ರೆ ಅದರ ಮೇಲೆ ಸ್ಟುಡಿಯೋ ವೈವಾ ಬೇರೆ. ಫ್ಲೈಟ್ ಬುಕ್ ಮಾಡಿ ಫೀಸ್ ಕಟ್ಟಿ ಆದ್ಮೇಲೆ ಟೈಮ್ ಟೇಬಲ್ ನೋಡಿ ಅತ್ತ ಹುಡುಗಿಯನ್ನ ನಾನೇ ನೋಡಿದೀನಿ, ಅವಳ ಎರಡು ಪೇಪರ್ ಸರಿಯಾಗಿ ಕೋರ್ಸ್ ಮಧ್ಯದ ವಾರದಲ್ಲಿ ಬಿದ್ದಿತ್ತು, ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ಇವತ್ತೇ ಮಗಳಿಗೆ ಫೋನ್ ಮಾಡಿ, ಕಾಲೇಜಲ್ಲಿ ಪರೀಕ್ಷೆ ದಿನಾಂಕ ಕೇಳೋಕೆ ಹೇಳಿ. ಬಾಯಿ ಮಾತಲ್ಲ, ಪ್ರಿನ್ಸಿಪಾಲ್ ಸಹಿ ಇರೋ ಎನ್‌ಒಸಿ ಬೇಕು, ವೀಸಾಗೂ ಅದು ಬೇಕಾಗುತ್ತೆ.

ಈಗ ಏಜೆಂಟ್ ಮಹಾಶಯರ ಮಾತಿಗೆ ಬರೋಣ.

ಪಾರ್ಟ್ ಟೈಮ್ ಕೆಲಸ ಅನ್ನೋದು ಶುದ್ಧ ಸುಳ್ಳು. ಆರು ವಾರದ ಕೋರ್ಸಿಗೆ ಸಿಗೋದು ಷೆಂಗೆನ್, ಅಂದ್ರೆ ಯುರೋಪಿನ ಬಹುಪಾಲು ದೇಶಗಳಿಗೆ ಸೇರಿ ಇರೋ ಒಂದೇ ಶಾರ್ಟ್ ಸ್ಟೇ ವೀಸಾ, ಅದನ್ನ ಸಿ ಟೈಪ್ ಅಂತಾರೆ, ಯಾವುದೇ 180 ದಿನದಲ್ಲಿ 90 ದಿನದ ಮೇಲೆ ಇರೋ ಹಾಗಿಲ್ಲ, ಮತ್ತೆ ಅದರಲ್ಲಿ ಕೆಲಸ ಮಾಡೋ ಹಾಗೇ ಇಲ್ಲ. ವಾರಕ್ಕೆ 20 ಗಂಟೆ ಕೆಲಸ ಅಂತ ಅವನು ಎಲ್ಲೋ ಕೇಳಿರ್ತಾನೆ, ಅದು 90 ದಿನ ಮೀರಿ ಓದೋರಿಗೆ, ಡಿ ಟೈಪ್ ವೀಸಾದಲ್ಲಿ ಹೋಗಿ ಅಲ್ಲಿ ರೆಸಿಡೆನ್ಸ್ ಪರ್ಮಿಟ್ ತಗೊಂಡವರಿಗೆ ಇರೋ ಸೌಲಭ್ಯ. ನಿಮ್ಮ ಮಗಳು ಯಾವುದೋ ಹೋಟೆಲಲ್ಲಿ ಕದ್ದು ಮುಚ್ಚಿ ಪ್ಲೇಟ್ ತೊಳೆಯೋಕೆ ನಿಂತು ಸಿಕ್ಕಿಬಿದ್ರೆ, ಅಳಿಯ ಹೇಳಿದ ಕಪ್ಪು ಚುಕ್ಕೆ ನಿಜವಾಗ್ಲೂ ಬೀಳೋದು ಆಗ. ಬಜೆಟ್ ಹಾಕುವಾಗ ಅಲ್ಲಿನ ದುಡಿಮೆ ಅಂತ ಒಂದು ರೂಪಾಯಿನೂ ಬರ್ಕೋಬೇಡಿ.

ಸರ್ಟಿಫಿಕೇಟ್ ಇದ್ರೆ ಮಾಸ್ಟರ್ಸ್ ಸೀಟ್ ಪಕ್ಕಾ ಅನ್ನೋದೂ ಇಲ್ಲ. ಮಾಸ್ಟರ್ಸ್‌ಗೆ ನೋಡೋದು ಡಿಗ್ರಿ ಮಾರ್ಕ್ಸು, ಪೋರ್ಟ್‌ಫೋಲಿಯೋ, ಭಾಷೆ. ಸಮ್ಮರ್ ಕೋರ್ಸ್ ಪೋರ್ಟ್‌ಫೋಲಿಯೋಗೆ ನಾಲ್ಕು ಒಳ್ಳೇ ಪುಟ ಸೇರಿಸಬಹುದು ಅಷ್ಟೇ, ಆ ನಾಲ್ಕು ಪುಟನೂ ಅವಳು ಅಲ್ಲಿ ಕೂತು ಬರೆದ್ರೆ ಮಾತ್ರ. ಇನ್ನೊಂದು ಗೊಂದಲ ಇದೆ. ಫ್ಲಾರೆನ್ಸ್ ಯೂನಿವರ್ಸಿಟಿ ಅನ್ನೋ ಸರ್ಕಾರಿ ವಿಶ್ವವಿದ್ಯಾಲಯ ಒಂದಿದೆ, ಅದರ ಜೊತೆಗೆ ಆ ಊರಿನ ಹೆಸರು ಹಾಕ್ಕೊಂಡಿರೋ ಖಾಸಗಿ ಸ್ಕೂಲು, ಇನ್‌ಸ್ಟಿಟ್ಯೂಟು, ಅಮೆರಿಕದ ಕಾಲೇಜುಗಳ ಶಾಖೆ ಹತ್ತಾರು ಇವೆ. ಖಾಸಗಿ ಅಂದ ತಕ್ಷಣ ಕೆಟ್ಟದ್ದಲ್ಲ, ನಾನು ಕಲಿಸಿದ ಕೆಲವು ಬಹಳ ಚೆನ್ನಾಗಿವೆ, ಆದ್ರೆ ಕೋರ್ಸ್ ಮುಗಿದ್ಮೇಲೆ ಕೊಡೋದು ಬರೀ ಹಾಜರಾತಿ ಪತ್ರನಾ ಅಥವಾ ಇಸಿಟಿಎಸ್ ಕ್ರೆಡಿಟ್ (ಯುರೋಪಿನ ಕಾಲೇಜುಗಳು ಓದಿನ ಪ್ರಮಾಣ ಅಳೆಯೋ ಲೆಕ್ಕ) ಇರೋ ಅಂಕಪಟ್ಟಿನಾ, ಕೊಡೋದು ಯಾವ ವಿಶ್ವವಿದ್ಯಾಲಯ, ಇದನ್ನ ಇಮೇಲಲ್ಲಿ ಕೇಳಿ ಉತ್ತರ ಇಟ್ಕೊಳ್ಳಿ. ಒಂದು ಇಸಿಟಿಎಸ್ ಅಂದ್ರೆ ಅಂದಾಜು 25ರಿಂದ 30 ಗಂಟೆ ಕೆಲಸ. ಆರು ವಾರದಲ್ಲಿ ಇಪ್ಪತ್ತು ಕ್ರೆಡಿಟ್ ಕೊಡ್ತೀವಿ ಅಂತ ಯಾರಾದ್ರೂ ಅಂದ್ರೆ ಲೆಕ್ಕ ಹಾಕಿ ನೀವೇ ನಗ್ತೀರಿ.

ವೀಸಾ ಗ್ಯಾರಂಟಿ ಯಾರೂ ಕೊಡೋಕಾಗಲ್ಲ. ನಿರ್ಧಾರ ಕಾನ್ಸುಲೇಟ್‌ದು, ಏಜೆಂಟ್ ಮಾಡೋದು ಫಾರ್ಮ್ ತುಂಬೋದು, ಅಪಾಯಿಂಟ್‌ಮೆಂಟ್ ಹಿಡಿಯೋದು. ಮೂರನೇ ವರ್ಷದ ಹುಡುಗಿ ಒಂದು ಮಧ್ಯಾಹ್ನ ಕೂತು ಅದನ್ನ ತಾನೇ ಮಾಡ್ಕೋಬಹುದು, ಅರವತ್ತು ಸಾವಿರ ಅಲ್ಲಿಗೇ ಉಳೀತು. ಹೊರಡೋ ದಿನಕ್ಕಿಂತ ಆರು ತಿಂಗಳು ಮೊದಲಿಂದ ಅರ್ಜಿ ಹಾಕಬಹುದು, ಕೊನೇ ಗಡುವು 15 ದಿನ ಮೊದಲು. ಉತ್ತರ ಸಾಮಾನ್ಯವಾಗಿ 15 ದಿನದಲ್ಲಿ ಬರುತ್ತೆ, ಕೆಲವು ಸಲ 45 ದಿನಕ್ಕೂ ಎಳೀತಾರೆ, ಏಪ್ರಿಲ್ ಮೇನಲ್ಲಿ ಇಡೀ ಬೆಂಗಳೂರು ಯುರೋಪ್ ಟೂರ್ ಅಂತ ಸ್ಲಾಟ್ ಹಿಡಿಯೋಕೆ ನಿಂತಿರುತ್ತೆ, ಅದಕ್ಕೇ ಮಾರ್ಚಲ್ಲೇ ಮುಗಿಸಿ. ಫೀಸು 90 ಯೂರೋ, ಮೇಲೆ ಅರ್ಜಿ ತಗೊಳ್ಳೋ ವೀಸಾ ಸೆಂಟರ್‌ನ ಸರ್ವಿಸ್ ಚಾರ್ಜು, ರಿಜೆಕ್ಟ್ ಆದ್ರೂ ವಾಪಸ್ ಬರಲ್ಲ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಕವರ್ ಇರ್ಬೇಕು.

ರಿಜೆಕ್ಟ್ ಆದ್ರೆ ಜೀವನ ಮುಗೀತು ಅನ್ನೋ ಅಳಿಯನ ಮಾತು ಅರ್ಧ ಹೆದರಿಕೆ, ಅರ್ಧ ವಾಟ್ಸಾಪ್. ನಿರಾಕರಣೆ ಅಂದ್ರೆ ನಿಷೇಧ ಅಲ್ಲ. ಅದು ಷೆಂಗೆನ್ ದೇಶಗಳ ಸಿಸ್ಟಂನಲ್ಲಿ ಐದು ವರ್ಷ ದಾಖಲಾಗಿ ಇರುತ್ತೆ ನಿಜ, ಮುಂದೆ ಬೇರೆ ದೇಶದ ಫಾರ್ಮಲ್ಲಿ "ಹಿಂದೆ ಯಾವತ್ತಾದ್ರೂ ನಿರಾಕರಿಸಿದ್ರಾ" ಅಂತ ಕೇಳಿದಾಗ ಹೌದು ಅಂತ ನಿಜ ಬರೀಬೇಕು ನಿಜ, ಅಷ್ಟೇ. ಕಾರಣ ಬರೆದೇ ಕೊಡ್ತಾರೆ, ಮೇಲ್ಮನವಿಗೆ ದಾರಿ ಇದೆ, ಕಾಗದ ಸರಿ ಮಾಡ್ಕೊಂಡು ಮತ್ತೆ ಅರ್ಜಿ ಹಾಕಬಹುದು. ನನ್ನ ಅನುಭವದಲ್ಲಿ ನಮ್ಮ ಮಧ್ಯಮ ವರ್ಗದ ಮನೆಗಳ ಅರ್ಜಿ ಎಡವೋದು ಎರಡು ಕಡೆ. ಒಂದು, ವಾಪಸ್ ಬರ್ತಾಳೆ ಅನ್ನೋಕೆ ಕಾಲೇಜಿನ ಪತ್ರ ಸರಿ ಇರಲ್ಲ. ಎರಡನೇದು ನಿಮಗೆ ನೇರವಾಗಿ ಸಂಬಂಧಪಟ್ಟಿದ್ದು: ಅರ್ಜಿಗೆ ಹದಿನೈದು ದಿನ ಮೊದಲು ಅಕೌಂಟಿಗೆ ಒಂದೇ ಸಲ ಮೂರು ಲಕ್ಷ ಬಂದು ಕೂತಿರುತ್ತೆ. ಬಂಗಾರದ ಸಾಲದ ದುಡ್ಡು ಹೀಗೇ ಕಾಣ್ಸೋದು. ನೋಡೋನಿಗೆ ಅದು ಸಾಲನೋ ತೋರಿಕೆಗೆ ಯಾರೋ ಹಾಕಿದ್ದೋ ಗೊತ್ತಾಗಲ್ಲ, ಅನುಮಾನ ಬರುತ್ತೆ. ಅಂಗಡಿ ವ್ಯವಹಾರ ಆರು ತಿಂಗಳು ಬ್ಯಾಂಕ್ ಮೂಲಕ ಓಡಿರೋದು ಕಾಣ್ಲಿ, ಐಟಿ ರಿಟರ್ನ್ಸ್ ಇಡಿ, ಹೊಲದ ಉತಾರಿ ಕೂಡ ಜೊತೆಗೆ ಇಂಗ್ಲಿಷಿಗೆ ಮಾಡಿಸಿ ಇಡಿ, ಊರಲ್ಲಿ ಬೇರು ಇದೆ ಅಂತ ತೋರ್ಸೋಕೆ ಅದಕ್ಕಿಂತ ಒಳ್ಳೇ ಕಾಗದ ಬೇರೆ ಇಲ್ಲ.

"ಬರೇ ಟೂರು" ಅಂದ್ರಲ್ಲ ಅಳಿಯ, ಅಲ್ಲಿ ನಾನು ಸ್ವಲ್ಪ ನಿಲ್ತೀನಿ. ಯಾಕಂದ್ರೆ ಟೂರ್ ಆಗೋದೂ ಆಗದೇ ಇರೋದೂ ಎರಡೂ ಸಾಧ್ಯ.

ನಿಮ್ಮ ಮಗಳು ಗೋಳಗುಮ್ಮಟದ ನೆರಳಲ್ಲಿ ಬೆಳೆದವಳು. 1656ರ ಹೊತ್ತಿಗೆ ಎದ್ದ ಗುಮ್ಮಟ, ಹೊರಗಿಂದ ಅಳೆದ್ರೆ 44 ಮೀಟರ್ ಆಸುಪಾಸು ವ್ಯಾಸ, ಒಳಗೆ ಒಂದು ಕಂಬ ಇಲ್ಲ. ಫ್ಲಾರೆನ್ಸಿನ ದೊಡ್ಡ ಚರ್ಚಿನ ಗುಮ್ಮಟ ಅದಕ್ಕಿಂತಲೂ ಅಗಲ, ಆದ್ರೆ ಎರಡೂ ನಿಂತಿರೋ ಉಪಾಯ ಪೂರ್ತಿ ಬೇರೆ. ವಿಜಯಪುರದಲ್ಲಿ ಒಂದರೊಳಗೊಂದು ಹೆಣೆದ ಕಮಾನುಗಳು ಚೌಕದ ಕೋಣೆಯನ್ನ ಮೇಲೆ ಹೋಗ್ತಾ ಹೋಗ್ತಾ ದುಂಡಗೆ ಮಾಡಿ ಭಾರವನ್ನ ಗೋಡೆಗೆ ಇಳಿಸ್ತವೆ. ಫ್ಲಾರೆನ್ಸಲ್ಲಿ ಬ್ರುನೆಲ್ಲೆಸ್ಕಿ ಅನ್ನೋ ಮನುಷ್ಯ, ಮೂಲದಲ್ಲಿ ಅಕ್ಕಸಾಲಿಗ, 1420ರಿಂದ 1436ರ ತನಕ ಎಂಟು ಮೂಲೆಯ ಗುಮ್ಮಟ ಎಬ್ಬಿಸಿದ, ಕೆಳಗಿಂದ ಮರದ ಆಸರೆ ಕೊಡದೇನೇ. ಅಷ್ಟು ದೊಡ್ಡ ಆಸರೆಗೆ ಬೇಕಾದ ಮರ ಹೊಂದಿಸೋದೇ ಆಗದ ಮಾತಾಗಿತ್ತು. ಒಳಗೊಂದು ಹೊರಗೊಂದು ಅಂತ ಎರಡು ಚಿಪ್ಪು ಕಟ್ಟಿ, ಇಟ್ಟಿಗೆಯನ್ನ ಮೀನಿನ ಮುಳ್ಳಿನ ಥರ ಓರೆಯಾಗಿ ಹೆಣೆದು, ಗಾರೆ ಒಣಗೋ ತನಕ ಇಟ್ಟಿಗೆ ಜಾರದ ಹಾಗೆ ಒಂದನ್ನೊಂದು ಹಿಡ್ಕೊಳ್ಳೋ ಹಾಗೆ ಮಾಡಿದ. ಮೇಲಕ್ಕೆ 463 ಮೆಟ್ಟಿಲು, ಕೊನೇ ಭಾಗದಲ್ಲಿ ಹತ್ತೋ ದಾರಿ ಇರೋದೇ ಆ ಎರಡು ಚಿಪ್ಪಿನ ಮಧ್ಯೆ. ಆ ಕಿರಿದಾದ ಸಂದಿಯಲ್ಲಿ ಗೋಡೆಗೆ ಕೈ ಇಟ್ಕೊಂಡು ಹತ್ತುವಾಗ ಇಟ್ಟಿಗೆ ಜೋಡಣೆ ಕಣ್ಣ ಮುಂದೇ ಸಾಗುತ್ತೆ. ಪುಸ್ತಕದ ಚಿತ್ರದಲ್ಲಿ ಅರ್ಥ ಆಗದೇ ಇದ್ದಿದ್ದು ನನಗೆ ಅಲ್ಲಿ ಮೂರನೇ ಸಲ ಹತ್ತಿದಾಗ ಅರ್ಥ ಆಯ್ತು. ಮೊದಲೆರಡು ಸಲ ಬರೀ ಏದುಸಿರು.

ಅವಳು ಹೋಗೋದು ಹಳೇ ಕಟ್ಟಡ ಉಳಿಸೋದು ಕಲಿಯೋಕೆ ತಾನೇ, ಹಾಗಿದ್ರೆ ಅವಳಿಗೆ ಮುಖ್ಯ ಇಸವಿ 1436 ಅಲ್ಲ, 1966. ಆ ವರ್ಷ ನವೆಂಬರ್ 4ರಂದು ಆರ್ನೊ ನದಿ ಊರೊಳಗೆ ನುಗ್ಗಿತು, ಕೆಲವು ಕಡೆ ನೀರು 6 ಮೀಟರ್ ದಾಟಿತ್ತು, ಮನೆಗಳ ಹೀಟಿಂಗ್‌ಗೆ ಇಟ್ಟಿದ್ದ ಎಣ್ಣೆ ಕೆಸರಿನ ಜೊತೆ ಸೇರಿ ಎಲ್ಲದಕ್ಕೂ ಮೆತ್ತಿಕೊಂಡಿತು. ಸಾಂತಾ ಕ್ರೋಚೆ ಚರ್ಚಿನಲ್ಲಿದ್ದ, ಚಿಮಾಬುವೆ ಅನ್ನೋ ಹಳೇ ಚಿತ್ರಕಾರನ ದೊಡ್ಡ ಮರದ ಶಿಲುಬೆಯ ಬಣ್ಣ ಅರ್ಧಕ್ಕಿಂತ ಹೆಚ್ಚು ಎದ್ದು ಹೋಯ್ತು. ಗಿಬೆರ್ತಿ ಅನ್ನೋ ಶಿಲ್ಪಿ ಮಾಡಿದ ಕಂಚಿನ ಬಾಗಿಲಿನ ಫಲಕಗಳು ಪ್ರವಾಹದ ಹೊಡೆತಕ್ಕೆ ಕಿತ್ತು ಬಂದವು. ರಾಷ್ಟ್ರೀಯ ಗ್ರಂಥಾಲಯದ ಪುಸ್ತಕಗಳು ಕೆಸರಲ್ಲಿ ಮುಳುಗಿದ್ವು, ಎಲ್ಲೆಲ್ಲಿಂದಲೋ ಬಂದ ಕಾಲೇಜು ಹುಡುಗ ಹುಡುಗಿಯರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ ಹೊರಗೆ ತಂದ್ರು, ಅವರನ್ನ ಊರಿನವರು ಇವತ್ತಿಗೂ ಕೆಸರಿನ ದೇವದೂತರು ಅಂತ ಕರೀತಾರೆ. ಒದ್ದೆ ಕಾಗದ ಒಣಗಿಸೋದು ಹೇಗೆ, ಉಬ್ಬಿದ ಮರದಿಂದ ಬಣ್ಣ ಎಬ್ಬಿಸೋದು ಹೇಗೆ, ಹೋದ ಜಾಗವನ್ನ ನೋಡೋರಿಗೆ ಮೋಸ ಆಗದ ಹಾಗೆ ತುಂಬೋದು ಹೇಗೆ, ಈ ವಿದ್ಯೆಯಲ್ಲಿ ಬಹಳಷ್ಟು ಬೆಳೆದಿದ್ದು ಆ ಕೆಸರಿಂದಲೇ. ಆ ಊರನ್ನ ಆಳ್ತಿದ್ದ ಮೆದಿಚಿ ಮನೆತನದವರು 1588ರಲ್ಲಿ ಕಲ್ಲಿನ ಕುಸುರಿ ಕೆಲಸಕ್ಕೆ ಅಂತ ಶುರು ಮಾಡಿದ ಕಾರ್ಖಾನೆ, ಓಪಿಫಿಚೊ ಅಂತ ಹೆಸರು, ಅದು ಇವತ್ತು ಪ್ರಪಂಚದ ದೊಡ್ಡ ಕನ್ಸರ್ವೇಶನ್ ಸಂಸ್ಥೆಗಳಲ್ಲಿ ಒಂದು. ಊರಲ್ಲಿ ನಡೀತಾ ಇದ್ರೆ ಗೋಡೆ ಮೇಲೆ ಪುಟ್ಟ ಕಲ್ಲು ಕಾಣ್ಸುತ್ತೆ, ನೀರು ಇಲ್ಲಿ ತನಕ ಬಂದಿತ್ತು ಅಂತ ಗೆರೆ. ತಲೆ ಎತ್ತಿ ನೋಡ್ಬೇಕು ಕೆಲವನ್ನ.

ಇದನ್ನೆಲ್ಲ ಯಾಕೆ ಹೇಳ್ದೆ ಅಂದ್ರೆ, ಈ ಕೋರ್ಸಿಂದ ಸಿಗೋದು ಇದು. ಕೆಲಸ ಅಲ್ಲ, ಸೀಟ್ ಅಲ್ಲ, ಆರು ವಾರ ಒಂದು ಊರನ್ನ ಕೈಯಲ್ಲಿ ಪೆನ್ಸಿಲ್ ಹಿಡಿದು ನೋಡೋದು. ಹಾಗಾಗಿ ಇದನ್ನ ಹೂಡಿಕೆ ಅಂತ ಲೆಕ್ಕ ಹಾಕ್ಬೇಡಿ ಸರ್, ಬಡ್ಡಿ ಸಮೇತ ವಾಪಸ್ ಬರಲ್ಲ. ಖರ್ಚು ಅಂತ ಲೆಕ್ಕ ಹಾಕಿ, ಖರ್ಚು ಅಂತ ನೋಡಿದಾಗ ಹೊಟ್ಟೆ ಉರೀಲಿಲ್ಲ ಅಂದ್ರೆ ಮಾಡಿ.

ಟೂರ್ ಆಗೋದು ಯಾವಾಗ? ಬೇಸಿಗೆಯಲ್ಲಿ ಆ ಊರಲ್ಲಿ ಅಮೆರಿಕದ ಸ್ಟೂಡೆಂಟ್ಸು ಎಷ್ಟಿರ್ತಾರೆ ಅಂದ್ರೆ, ಹುಡುಗ್ರು ಇಂಗ್ಲಿಷಲ್ಲೇ ಎದ್ದು ಇಂಗ್ಲಿಷಲ್ಲೇ ಮಲಗಿ, ಶುಕ್ರವಾರ ಮಧ್ಯಾಹ್ನ ಆದ್ರೆ ಬ್ಯಾಗ್ ಏರಿಸ್ಕೊಂಡು ವೆನಿಸ್ಸು ರೋಮು ಪ್ಯಾರಿಸ್ಸು ಅಂತ ಓಡಿ, ಸೋಮವಾರ ಕ್ಲಾಸಲ್ಲಿ ತೂಕಡಿಸಿ ಆರು ವಾರ ಮುಗಿಸಿಬಿಡ್ತಾರೆ. ಫ್ಲಾರೆನ್ಸಲ್ಲಿ ಇದ್ದು ಫ್ಲಾರೆನ್ಸ್ ನೋಡದವರು. ಅದಕ್ಕೇ ಮಗಳು ಕೋರ್ಸಿನವರಿಗೆ ಕೇಳಬೇಕಾದ್ದು: ವಾರಕ್ಕೆ ಎಷ್ಟು ಗಂಟೆ ಕ್ಲಾಸ್ ರೂಮು, ಎಷ್ಟು ಗಂಟೆ ಸೈಟು? ಕಲಿಸೋರು ಯಾರು, ಅವರು ನಿಜವಾಗ್ಲೂ ಕಟ್ಟಡದ ಮೇಲೆ ಕೆಲಸ ಮಾಡೋರಾ? ಹೋದ ವರ್ಷದವರು ಮಾಡಿದ ಡ್ರಾಯಿಂಗ್ ತೋರಿಸ್ತಾರಾ? ಒಂದು ಗುಂಪಲ್ಲಿ ಎಷ್ಟು ಜನ? ಇಪ್ಪತ್ತೈದರ ಮೇಲೆ ಅಂದ್ರೆ ನನಗೆ ಇಷ್ಟ ಆಗಲ್ಲ, ಹಿಂದೆ ನಿಂತವರಿಗೆ ಗೋಡೆ ಕಾಣಲ್ಲ, ಮೇಷ್ಟ್ರ ಛತ್ರಿ ಕಾಣ್ಸುತ್ತೆ. ನಿಮ್ಮ ಕೋರ್ಸಿನ ತಾರೀಖು ಮಾತ್ರ ಒಳ್ಳೇದೇ ಇದೆ. ಆಗಸ್ಟ್ 15 ಅಲ್ಲಿ ಫೆರ್ರಾಗೊಸ್ತೊ ಅಂತ ದೊಡ್ಡ ರಜೆ, ಅದರ ಹಿಂದೆ ಮುಂದೆ ಎರಡು ಮೂರು ವಾರ ಕುಶಲಕರ್ಮಿಗಳ ವರ್ಕ್‌ಶಾಪುಗಳು ಬಾಗಿಲು ಹಾಕ್ಕೊಂಡು ಸಮುದ್ರದ ಕಡೆ ಹೋಗಿಬಿಡ್ತವೆ. ಆಗಸ್ಟ್ ಕೋರ್ಸ್ ಆಗಿದ್ರೆ ಯೋಚ್ನೆ ಮಾಡದೇ ಬೇಡ ಅಂತಿದ್ದೆ.

ದುಡ್ಡು. ಯೂರೋಗೆ ಹತ್ತತ್ರ ನೂರು ರೂಪಾಯಿ ಅಂತ ಹಿಡೀರಿ. ಫೀಸು 2.4 ಲಕ್ಷ. ಹಂಚ್ಕೊಂಡಿರೋ ರೂಮು ಆರು ವಾರಕ್ಕೆ ಒಂದು ಲಕ್ಷದ ಮೇಲೆ. ಹೋಗಿ ಬರೋ ಟಿಕೆಟ್ ಆ ಸೀಸನಲ್ಲಿ 75 ಸಾವಿರದ ಸುತ್ತಮುತ್ತ. ಮನೇಲಿ ಬೇಯಿಸ್ಕೊಂಡ್ರೆ ಊಟಕ್ಕೆ 50 ಸಾವಿರ, ಹೊರಗೆ ತಿಂದ್ರೆ ಲೆಕ್ಕ ಇಲ್ಲ. ವೀಸಾ, ಇನ್ಶೂರೆನ್ಸು, ಬೆಂಗಳೂರಿಗೆ ಓಡಾಟ 20 ಸಾವಿರ. ಮ್ಯೂಸಿಯಂ, ಟ್ರಾಮು, ಒಂದೆರಡು ಟ್ರೈನು 30 ಸಾವಿರ. ಉಫ್ಫೀತ್ಸಿ ಮ್ಯೂಸಿಯಂಗೇ 25 ಯೂರೋ ಆಸುಪಾಸು ಟಿಕೆಟ್ಟು, ಇಪ್ಪತ್ತೈದರೊಳಗಿನವರಿಗೆ ಎರಡೇ ಯೂರೋ ಅನ್ನೋ ರಿಯಾಯಿತಿ ಯುರೋಪಿನವರಿಗೆ ಮಾತ್ರ, ನಮಗಿಲ್ಲ, ಆದ್ರೆ ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳು ಎಲ್ಲರಿಗೂ ಫ್ರೀ, ಬೆಳಿಗ್ಗೆ ಬೇಗ ಹೋಗಿ ಕ್ಯೂ ನಿಲ್ಬೇಕು. ಎಲ್ಲ ಸೇರಿ, ಕೈಗೆ ಒಂದಿಷ್ಟು ತುರ್ತು ದುಡ್ಡು ಅಂದ್ರೆ ಐದೂವರೆ ಲಕ್ಷ.

ರೂಮಿನ ವಿಷಯದಲ್ಲಿ ಹುಷಾರು. ಹಳೇ ಊರಿನ ಭಾಗ 1982ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ, ಪ್ರವಾಸಿಗಳು ಮುತ್ಕೊಂಡು ಬಾಡಿಗೆ ಏರಿ ಏರಿ ಅಲ್ಲಿನವರೇ ಹೊರಗೆ ಹೋಗೋ ಪರಿಸ್ಥಿತಿ. ಇಂಥ ಕಡೆ ಮೋಸಗಾರರೂ ಇರ್ತಾರೆ. ಚೆಂದದ ಫೋಟೋ ಹಾಕಿ, ಬೇರೆಯವರು ಕೇಳ್ತಾ ಇದಾರೆ ಬೇಗ ಅಡ್ವಾನ್ಸ್ ಕಳಿಸಿ ಅಂತಾರೆ, ನನ್ನ ಒಬ್ಬ ವಿದ್ಯಾರ್ಥಿ 600 ಯೂರೋ ಕಳಿಸಿ ಅಲ್ಲಿ ಇಳಿದು ನೋಡಿದ್ರೆ ಆ ನಂಬರಿನ ಮನೆನೇ ಇರಲಿಲ್ಲ. ಮೊದಲ ಸಲ ಹೋಗೋ ಹುಡುಗಿಗೆ ಕೋರ್ಸಿನವರೇ ಕೊಡೋ ವಸತಿನೇ ಸರಿ, ಹತ್ತು ಸಾವಿರ ಜಾಸ್ತಿ ಆದ್ರೂ ಪರವಾಗಿಲ್ಲ. ಎಷ್ಟನೇ ಮಹಡಿ, ಲಿಫ್ಟ್ ಇದ್ಯಾ, ಫ್ಯಾನ್ ಅಥವಾ ಎಸಿ ಇದ್ಯಾ ಕೇಳಿ. ವಿಜಯಪುರದವರಿಗೆ ಬಿಸಿಲು ಹೊಸದಲ್ಲ ಅಂತ ನೀವು ನಗಬಹುದು, ಆದ್ರೆ ಅಲ್ಲಿ ಸುತ್ತ ಗುಡ್ಡ, ಮಧ್ಯೆ ಬಟ್ಟಲಿನ ಹಾಗೆ ಊರು, ಜುಲೈನಲ್ಲಿ ಎಷ್ಟೋ ದಿನ 35ರ ಮೇಲೆ ಏರುತ್ತೆ, ಗಾಳಿ ಆಡಲ್ಲ. ಹಳೇ ಮನೆಗಳಲ್ಲಿ ತಲೆ ಮೇಲೆ ಫ್ಯಾನೇ ಇರಲ್ಲ, ಹೆಂಚಿನ ಕೆಳಗಿನ ನಾಲ್ಕನೇ ಮಹಡಿ ರೂಮು ರಾತ್ರಿ ಹನ್ನೆರಡಕ್ಕೂ ಕಾದಿರುತ್ತೆ. ಕಿಟಕಿಯ ಮರದ ಬಾಗಿಲನ್ನ ಹಗಲೆಲ್ಲ ಮುಚ್ಚಿಟ್ಟು ರಾತ್ರಿ ತೆಗೀಬೇಕು, ಇದು ಅಲ್ಲಿನ ಅಜ್ಜಿಯರ ಪದ್ಧತಿ, ನಮ್ಮ ಹುಡುಗ್ರು ಉಲ್ಟಾ ಮಾಡ್ತಾರೆ. ಕುಡಿಯೋ ನೀರು ಬೀದಿ ನಲ್ಲಿಗಳಲ್ಲಿ ಪುಕ್ಕಟೆ, ಬಾಟಲ್ ಒಯ್ದರೆ ಸಾಕು.

ಕಳ್ಳತನ ಇದೆ, ಸುಳ್ಳು ಹೇಳಲ್ಲ. ಹೊಡೆದು ಬಡಿದು ಮಾಡೋದಲ್ಲ, ಜೇಬು ಕತ್ತರಿಸೋದು. ಸಾಂತಾ ಮರಿಯಾ ನೊವೆಲ್ಲಾ ರೈಲ್ವೇ ಸ್ಟೇಷನ್ನು, ಟ್ರಾಮ್ ಹತ್ತೋ ನೂಕುನುಗ್ಗಲು, ಸಾನ್ ಲೊರೆಂಜೊ ಮಾರ್ಕೆಟ್ಟು, ಇಲ್ಲಿ ಫೋನ್ ಕೈಯಲ್ಲಿ ಜೋತಾಡಿಸ್ಕೊಂಡು ನಿಲ್ಬಾರದು. ಒಬ್ಬಳೇ ಹುಡುಗಿ ಅನ್ನೋ ಭಯಕ್ಕೆ ನನ್ನ ಉತ್ತರ: ಜೂನ್ ಜುಲೈನಲ್ಲಿ ಅಲ್ಲಿ ರಾತ್ರಿ ಒಂಬತ್ತರ ತನಕ ಬೆಳಕಿರುತ್ತೆ, ಬೀದಿ ತುಂಬಾ ಜನ ಇರ್ತಾರೆ, ನಾನು ಒಬ್ಬಳೇ ಓಡಾಡಿದೀನಿ. ಕುಡಿದು ಕೂಗಾಡೋ ಗುಂಪುಗಳು ತಡರಾತ್ರಿ ಚೌಕಗಳಲ್ಲಿ ಸಿಗ್ತವೆ, ಕಾಮೆಂಟ್ ಹೊಡೆಯೋರೂ ಸಿಗ್ತಾರೆ, ಆ ಹೊತ್ತಿಗೆ ಜೊತೆ ಇಟ್ಕೊಂಡು ಬರೋದು ಒಳ್ಳೇದು. ತುರ್ತಿಗೆ 112. ಪಾಸ್‌ಪೋರ್ಟ್ ಕಳೆದ್ರೆ ಮೊದಲು ಪೊಲೀಸ್ ಕಂಪ್ಲೇಂಟು, ಆಮೇಲೆ ರೋಮ್‌ನಲ್ಲಿರೋ ನಮ್ಮ ರಾಯಭಾರ ಕಚೇರಿ. ಇನ್ನೊಂದು ಸಣ್ಣ ವಿಷಯ, ಬೀದೀಲಿ ಹಾಸಿ ಮಾರೋ ನಕಲಿ ಬ್ರ್ಯಾಂಡ್ ಬ್ಯಾಗ್ ತಗೊಂಡ್ರೆ ಅಲ್ಲಿ ಕೊಂಡವರಿಗೂ ದಂಡ ಬೀಳುತ್ತೆ, ಅಕ್ಕನಿಗೆ ಬ್ಯಾಗ್ ತಾ ಅಂತ ಅಳಿಯನ ಕಡೆಯಿಂದ ಆರ್ಡರ್ ಹೋಗದಿರಲಿ.

ಭಾಷೆ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಇದು ನಮ್ಮವರಿಗೆ ಅನುಕೂಲ ಇರೋ ಜಾಗ. ಇಟಾಲಿಯನ್ ಹೆಚ್ಚುಕಮ್ಮಿ ಬರೆದ ಹಾಗೇ ಓದೋ ಭಾಷೆ, ಪದಗಳು ಬಹುಪಾಲು ಸ್ವರದಲ್ಲೇ ಮುಗಿಯೋದು, ಬಸ್ಸನ್ನ ಬಸ್ಸು ಅನ್ನೋ ನಮ್ಮ ನಾಲಿಗೆಗೆ ಅದು ಸಲೀಸು. ಒತ್ತಕ್ಷರ ಅಂತೂ ಅಮೆರಿಕದವರಿಗೆ ಒದ್ದಾಟ, ನಮಗೆ ಲೀಲಾಜಾಲ: ನೊನ್ನೊ ಅಂದ್ರೆ ಅಜ್ಜ, ನೊನೊ ಅಂದ್ರೆ ಒಂಬತ್ತನೇದು. ಫಿಲಿಪ್ಪೊ ಸಾಸ್ಸೆತ್ತಿ ಅಂತ ಫ್ಲಾರೆನ್ಸಿನ ವ್ಯಾಪಾರಿ ಒಬ್ಬ 1580ರ ದಶಕದಲ್ಲಿ ಕೊಚ್ಚಿ ಗೋವಾ ಕಡೆ ಇದ್ದ, ನಮ್ಮ ಸಪ್ತ ಅಷ್ಟ ನವ ಅನ್ನೋದು ತಮ್ಮ ಸೆತ್ತೆ ಒತ್ತೊ ನೊವೆ ಥರನೇ ಇದೆಯಲ್ಲ ಅಂತ ಊರಿಗೆ ಕಾಗದ ಬರೆದಿದ್ದ, ಗೋವಾದಲ್ಲೇ ತೀರಿಕೊಂಡ. ಇತ್ತ ಕಡೆಯಿಂದ ಹೋದವರೂ ಇದಾರೆ. ನಿಮ್ಮ ಪಕ್ಕದ ಕೊಲ್ಲಾಪುರದ ರಾಜಾರಾಮ ಮಹಾರಾಜ, ಇಪ್ಪತ್ತರ ಹುಡುಗ, 1870ರಲ್ಲಿ ಇಂಗ್ಲೆಂಡ್ ನೋಡ್ಕೊಂಡು ವಾಪಸ್ ಬರ್ತಾ ಫ್ಲಾರೆನ್ಸಲ್ಲಿ ಕಾಯಿಲೆ ಬಿದ್ದು ತೀರಿಕೊಂಡ, ಆರ್ನೊಗೆ ಮುನ್ಯೋನೆ ಅನ್ನೋ ಸಣ್ಣ ನದಿ ಸೇರೋ ಜಾಗದಲ್ಲಿ ನಮ್ಮ ಪದ್ಧತಿ ಪ್ರಕಾರನೇ ದಹನ ಮಾಡಿದ್ರು. ಅಲ್ಲೊಂದು ಮಂಟಪದೊಳಗೆ ಅವನ ಬಣ್ಣದ ಮೂರ್ತಿ ಇದೆ, ಹತ್ತಿರದ ಸೇತುವೆ ಹೆಸರೇ ಇಂಡಿಯನ್ನನ ಸೇತುವೆ. ತಂದೆಗೆ ಈ ಕಥೆ ಹೇಳಬಾರದಿತ್ತೇನೋ, ಇನ್ಶೂರೆನ್ಸ್ ಮರೀಬೇಡಿ ಅನ್ನೋಕಾದ್ರೂ ಉಪಯೋಗಕ್ಕೆ ಬರಲಿ.

ಈಗ ದಾರಿಗಳು. ಬಂಗಾರ ಒತ್ತೆ ಇಟ್ಟು ಈ ವರ್ಷನೇ ಆರು ವಾರ ಕಳಿಸೋದು ಒಂದು, ನಾನು ಬೇಡ ಅಂತೀನಿ. ಅವಳು ಅಲ್ಲಿ ಪ್ರತಿ ಕಾಫಿಗೂ ಅಮ್ಮನ ಬಳೆ ನೆನೆಸ್ಕೊಂಡು ಕೂತಿರ್ತಾಳೆ, ನೋಡಿದೀನಿ ಅಂಥ ಹುಡುಗ್ರನ್ನ, ಮ್ಯೂಸಿಯಂ ಟಿಕೆಟ್ ದುಬಾರಿ ಅಂತ ಹೊರಗೇ ನಿಲ್ತಾರೆ. ಅಷ್ಟು ದೂರ ಹೋಗಿ ಹೊರಗೆ ನಿಲ್ಲೋದಕ್ಕೆ ಹೋಗ್ಬೇಕಾ? ಎರಡನೇದು, ಇದೇ ಕೋರ್ಸನ್ನ ಮೂರು ಮೂರು ವಾರದ ಭಾಗ ಮಾಡಿ ಕೊಡ್ತಾರಾ ಅಂತ ಕೇಳೋದು, ಎಷ್ಟೋ ಕಡೆ ಕೊಡ್ತಾರೆ. ಆಗ ಮೂರೂಕಾಲು ಲಕ್ಷದ ಹತ್ರ ಬರುತ್ತೆ, ನಿಮ್ಮ ಕೈ ಅಳತೆಗೆ ಹತ್ರ. ಅರ್ಧ ಕಲಿಕೆ ಆಗಲ್ವಾ ಅಂದ್ರೆ, ಮೊದಲ ಮೂರು ವಾರದಲ್ಲೇ ಕಣ್ಣು ತೆರೆಯೋದು ತೆರೆದಿರುತ್ತೆ. ಮೂರನೇದು, ಈ ವರ್ಷ ಬಿಟ್ಟು ಡಿಗ್ರಿ ಮುಗಿಸಿ ಮಾಸ್ಟರ್ಸ್‌ಗೇ ಹೋಗೋದು. ಇದನ್ನ ಏಜೆಂಟ್‌ಗಳು ಹೇಳಲ್ಲ, ಯಾಕಂದ್ರೆ ಇದರಲ್ಲಿ ಅವರಿಗೆ ಕಮಿಷನ್ ಕಮ್ಮಿ: ಇಟಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು ಮನೆಯ ಆದಾಯ ನೋಡಿ ನಿಗದಿ ಆಗುತ್ತೆ, ಫ್ಲಾರೆನ್ಸ್ ಇರೋ ತೊಸ್ಕಾನಾ ಪ್ರಾಂತ್ಯದ ಡಿಎಸ್‌ಯು ಅನ್ನೋ ಸರ್ಕಾರಿ ಸಂಸ್ಥೆ ಆದಾಯ ಕಮ್ಮಿ ಇರೋ ವಿದ್ಯಾರ್ಥಿಗಳಿಗೆ, ಹೊರದೇಶದವರಿಗೂ, ಸ್ಕಾಲರ್‌ಶಿಪ್ಪು, ಹಾಸ್ಟೆಲ್ಲು, ಕ್ಯಾಂಟೀನ್ ಊಟ ಕೊಡುತ್ತೆ. ಎಲ್ಲರಿಗೂ ಸಿಗಲ್ಲ, ಕಾಗದಪತ್ರದ ಗೋಳು ವಿಪರೀತ, ಆದ್ರೆ ನಿಮ್ಮಂಥ ಮನೆಗೇ ಮಾಡಿರೋದು ಅದು. ಎರಾಸ್ಮಸ್ ಮುಂಡುಸ್ ಅಂತ ಯುರೋಪಿನ ಇನ್ನೊಂದು ಮಾಸ್ಟರ್ಸ್ ಸ್ಕಾಲರ್‌ಶಿಪ್ ಇದೆ, ತಿಂಗಳಿಗೆ 1,400 ಯೂರೋ ಕೊಡ್ತಾರೆ, ಪೈಪೋಟಿ ಜೋರು. ಆರು ವಾರಕ್ಕೆ ಐದೂವರೆ ಲಕ್ಷ ಸುರಿಯೋ ಮೊದಲು, ಎರಡು ವರ್ಷ ಓದೋಕೆ ಈ ದಾರಿಗಳಿವೆ ಅಂತ ಅವಳಿಗೂ ಗೊತ್ತಿರಲಿ.

ನನ್ನ ಮಗಳಾಗಿದ್ರೆ? ಪರೀಕ್ಷೆ ಅಡ್ಡ ಬರಲ್ಲ ಅಂತ ಬರೆದು ಕೊಟ್ರೆ ಮೂರು ವಾರಕ್ಕೆ ಕಳಿಸ್ತಿದ್ದೆ. ಅಡ್ಡ ಬಂದ್ರೆ ಮೂರು ಲಕ್ಷ ಎಫ್‌ಡಿಯಲ್ಲಿ ಹಾಕಿ ಸುಮ್ಮನಾಗ್ತಿದ್ದೆ. ಎರಡರಲ್ಲಿ ಯಾವುದಾದ್ರೂ, ಮುಂದಿನ ರಜೆಗೆ ಊರಿಗೆ ಬಂದಾಗ ಗೋಳಗುಮ್ಮಟದ ಒಳಗೆ ಹದಿನೈದು ದಿನ ಟೇಪು, ಸ್ಕೆಚ್ ಪುಸ್ತಕ ಹಿಡ್ಕೊಂಡು ಕೂರಲಿ, ಒಂದು ಮೂಲೆಯ ಕಮಾನು ಹೆಣಿಗೆಯನ್ನ ಪೂರ್ತಿ ಬರೀಲಿ, ಅಳತೆ ತಗೊಳ್ಳೋಕೆ ಪುರಾತತ್ವ ಇಲಾಖೆಗೆ ಕಾಲೇಜಿಂದ ಒಂದು ಪತ್ರ ಬೇಕಾಗುತ್ತೆ. ನಾನು ಸಮ್ಮರ್ ಕೋರ್ಸುಗಳ ಅರ್ಜಿ ನೋಡುವಾಗ ವೆಬ್‌ಸೈಟಿಂದ ಇಳಿಸಿದ ಫ್ಲಾರೆನ್ಸ್ ಫೋಟೋ ಹಾಕಿದವರನ್ನ ಪಕ್ಕಕ್ಕಿಟ್ಟಿದೀನಿ, ತನ್ನೂರಿನ ಕಟ್ಟಡವನ್ನ ಕೈಯಾರೆ ಅಳೆದು ಬರೆದವರನ್ನ ಕರೆದಿದೀನಿ.

ಇನ್ನು ಅವ್ವನ ಪ್ರಶ್ನೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿ, ಮಸಾಲೆ ಖಾರ ಎಲ್ಲ ಧಾರಾಳ ಕಟ್ಟಿ ಕಳಿಸಿ, ಪ್ಯಾಕ್ ಮೇಲೆ ಇಂಗ್ಲಿಷಲ್ಲಿ ಹೆಸರು ಬರೆದ್ರೆ ಕಸ್ಟಮ್ಸ್ ಹತ್ರ ಸುಲಭ. ಪೇಡೆ ಬೇಡ, ತುಪ್ಪನೂ ಬೇಡ, ಹಾಲಿನ ಪದಾರ್ಥ ಹೊರಗಿಂದ ಯುರೋಪಿನೊಳಗೆ ತರೋ ಹಾಗಿಲ್ಲ, ಕಿತ್ತು ಕಸಕ್ಕೆ ಹಾಕ್ತಾರೆ, ಧಾರವಾಡ ಪೇಡೆಗೆ ಆ ಗತಿ ಬರಬಾರದು. ಹಸಿ ಕರಿಬೇವೂ ಹಾಗೇ, ಒಣಗಿಸಿ ಪುಡಿ ಮಾಡಿ ಚಟ್ನಿಯಲ್ಲೇ ಸೇರಿಸಿಬಿಡಿ. ಅಲ್ಲಿ ಪಪ್ಪಾ ಅಲ್ ಪೊಮೊದೊರೊ ಅಂತ ಹಳೇ ಬ್ರೆಡ್ಡು ಟೊಮ್ಯಾಟೊ ಹಾಕಿ ಬೇಯಿಸಿದ್ದು ಸಿಗುತ್ತೆ, ಬಡವರ ಮನೆ ಅಡುಗೆ, ತರಕಾರಿ ನೀರಲ್ಲಿ ಮಾಡಿದ್ದಾ ಮಾಂಸದ ಸಾರಲ್ಲಾ ಅಂತ ಒಂದು ಮಾತು ಕೇಳಿ ತಿನ್ಬೇಕು. ಪಾರ್ಮೆಸಾನ್ ಚೀಸು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನೋ ಹೆಪ್ಪು ಹಾಕಿ ಮಾಡೋದು, ಹಸಿ ಪಾಸ್ತಾದಲ್ಲಿ ಮೊಟ್ಟೆ ಇರುತ್ತೆ, ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಇರಲ್ಲ. ಮತ್ತೆ ಅಲ್ಲಿನ ಬ್ರೆಡ್ಡಿಗೆ ಉಪ್ಪೇ ಹಾಕಲ್ಲ, ಮೊದಲ ದಿನ ಬಾಯಿಗಿಟ್ರೆ ಸಪ್ಪೆ ಅನ್ಸುತ್ತೆ. ಅದರ ಮೇಲೆ ಸ್ವಲ್ಪ ಎಣ್ಣೆ ಹಾಕಿ ಶೇಂಗಾ ಚಟ್ನಿ ಉದುರಿಸ್ಕೊಂಡು ತಿನ್ನೋಕೆ ಹೇಳಿ, ನಾನು ಅಲ್ಲಿದ್ದಷ್ಟು ದಿನ ಬದುಕಿದ್ದೇ ಹಾಗೆ.